ಒಂದೇ ಟವರ್, 50 ಕಿಲೋಮೀಟರ್ ಇಂಟರ್ನೆಟ್: ಈ ಲೆಕ್ಕ ತಪ್ಪುವುದು ಎಲ್ಲಿ?

ನಿಮ್ಮ ವಾಟ್ಸ್‌ಆ್ಯಪ್ ಗುಂಪಿಗೆ ಹೀಗೊಂದು ಸಂದೇಶ ಬಂತು ಎಂದುಕೊಳ್ಳಿ: "ಹೊಸ ವೈರ್‌ಲೆಸ್ ತಂತ್ರಜ್ಞಾನ ಬಂದಿದೆ. ಒಂದೇ ಟವರ್ 50 ಕಿ.ಮೀ. ಸುತ್ತಲೂ ಹೈಸ್ಪೀಡ್ ಇಂಟರ್ನೆಟ್ ಕೊಡುತ್ತದೆ. ನಿಮ್ಮ ಜಾಗದಲ್ಲಿ ಟವರ್ ಹಾಕಿಸಲು ಕೂಡಲೇ ಅರ್ಜಿ ಹಾಕಿ." ಇದರ ಕೊನೆಯ ಸಾಲು ಮೋಸ. ಆದರೆ ಮೊದಲ ಭಾಗ ಪೂರ್ತಿ ಸುಳ್ಳಲ್ಲ, ತೊಂದರೆ ಇರುವುದೇ ಅಲ್ಲಿ. ಆ 50 ಕಿಲೋಮೀಟರಿಗೆ ಇಪ್ಪತ್ತು ವರ್ಷಕ್ಕೂ ಮೀರಿದ ಇತಿಹಾಸವಿದೆ.

ವೈಮ್ಯಾಕ್ಸ್ ಎಂಬ ಹೆಸರು ಕೆಲವರಿಗಾದರೂ ನೆನಪಿರಬಹುದು. ವೈ-ಫೈ ಒಂದು ಮನೆಗಾದರೆ ವೈಮ್ಯಾಕ್ಸ್ ಇಡೀ ನಗರಕ್ಕೆ ಎಂಬುದು ಅದರ ಹಿಂದಿನ ಆಲೋಚನೆ. ಐಇಇಇ 802.16 ಎಂಬ ತಾಂತ್ರಿಕ ಮಾನದಂಡ ಅದಕ್ಕೆ ಆಧಾರ. 2000ದ ದಶಕದಲ್ಲಿ ಅದನ್ನು ಪ್ರಚಾರ ಮಾಡುವಾಗ ಎರಡು ಸಂಖ್ಯೆಗಳು ಜೊತೆಜೊತೆಯಾಗಿ ಬರುತ್ತಿದ್ದವು: 50 ಕಿ.ಮೀ. ದೂರ, 70 ಎಂಬಿಪಿಎಸ್ ವೇಗ. ಬಿಡಿಬಿಡಿಯಾಗಿ ನೋಡಿದರೆ ಎರಡೂ ಸಾಧ್ಯ. ಒಟ್ಟಿಗೆ ಸಿಗುವುದಿಲ್ಲ ಎಂಬ ಮಾತು ಮಾತ್ರ ಪ್ರಚಾರದಲ್ಲಿ ಸಣ್ಣ ಅಕ್ಷರಕ್ಕೂ ಇಳಿಯದೆ ಕಳೆದುಹೋಯಿತು.

ಬೆಂಗಳೂರಿನಿಂದ ರಾಮನಗರ ಸುಮಾರು 50 ಕಿ.ಮೀ. ಮಾಗಡಿಯೂ ಹೆಚ್ಚುಕಡಿಮೆ ಅಷ್ಟೇ. ಕನಕಪುರ, ಚನ್ನಪಟ್ಟಣ ಇನ್ನೊಂದಿಷ್ಟು ಮುಂದೆ. ಆ ಸಂಖ್ಯೆಯನ್ನು ಇದ್ದ ಹಾಗೇ ನಂಬುವುದಾದರೆ, ವಿಧಾನಸೌಧದ ಪಕ್ಕ ಒಂದು ಟವರ್ ನಿಲ್ಲಿಸಿದರೆ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ನಿಂತು ವಿಡಿಯೊ ಕಾಲ್ ಮಾಡಬಹುದಿತ್ತು. ಏಕೆ ಆಗುವುದಿಲ್ಲ?

ಮೊದಲ ಅಡ್ಡಿ ಭೂಮಿಯದೇ. ಈ ತಂತ್ರಜ್ಞಾನ ಬಳಸುವ 2.3, 2.5, 3.5 ಗಿಗಾಹರ್ಟ್ಸ್ ಅಲೆಗಳು ಹೆಚ್ಚುಕಡಿಮೆ ನೇರವಾಗಿ ಸಾಗುತ್ತವೆ, ಭೂಮಿಯೋ ಗುಂಡಗಿದೆ. 30 ಮೀಟರ್ ಎತ್ತರದ ಗೋಪುರದಿಂದ ಹೊರಟ ಅಲೆ ಸಮತಟ್ಟಾದ ನೆಲದ ಮೇಲೆ ಸುಮಾರು 22 ಕಿ.ಮೀ.ಗೆ ದಿಗಂತ ಮುಟ್ಟುತ್ತದೆ. ನಿಮ್ಮ ಮನೆಯ ತಾರಸಿಯಲ್ಲಿ 10 ಮೀಟರ್ ಎತ್ತರಕ್ಕೆ ಆ್ಯಂಟೆನಾ ಇದ್ದರೂ, 50 ಕಿ.ಮೀ. ಆಚೆಯ ಗೋಪುರ ಸುಮಾರು 80 ಮೀಟರ್ ಇರಬೇಕು. ನಡುವೆ ಒಂದು ಮರವೂ ಇರಬಾರದು.

ಇದು ಸಪಾಟು ನೆಲದ ಲೆಕ್ಕ. ನಮ್ಮ ನಾಲ್ಕು ತಾಲ್ಲೂಕುಗಳ ನೆಲ ನಿಮಗೇ ಗೊತ್ತು. ಮಾಗಡಿ ಕಡೆ 1,226 ಮೀಟರಿನ ಸಾವನದುರ್ಗ, ರಾಮನಗರದಲ್ಲಿ ರಾಮದೇವರ ಬೆಟ್ಟ ಮತ್ತು ಸುತ್ತಲಿನ ಹೆಬ್ಬಂಡೆಗಳು. 'ಶೋಲೆ'ಯಲ್ಲಿ ಗಬ್ಬರ್ ಸಿಂಗ್‌ಗೆ ಮರೆಯಾದ ಬಂಡೆಗಳೇ ಇವತ್ತು ಸಿಗ್ನಲ್ಲಿಗೂ ಮರೆ. ಕನಕಪುರದಿಂದ ಸಂಗಮದ ಕಡೆ ಇಳಿದರೆ ಕಾಡು, ಕಣಿವೆ. ಚನ್ನಪಟ್ಟಣದ ಸುತ್ತ ತೆಂಗಿನ ತೋಟಗಳು. ಎಲೆಗಳಲ್ಲಿರುವ ನೀರು ಈ ಅಲೆಗಳನ್ನು ಹೀರುತ್ತದೆ. ಬೆಟ್ಟದ ಈಚೆ ಫೋನಿನಲ್ಲಿ ನಾಲ್ಕು ಕಡ್ಡಿ, ಆಚೆ ಸೊನ್ನೆ. ಕಂಪನಿ ಬದಲಿಸಿದರೂ ಕೆಲವು ಊರುಗಳಲ್ಲಿ ಪರಿಸ್ಥಿತಿ ಬದಲಾಗದಿರುವುದಕ್ಕೆ ಇದೂ ಒಂದು ಕಾರಣ.

ಎರಡನೆಯದು, ದೂರ ಹೆಚ್ಚಿದಂತೆ ವೇಗ ಇಳಿಯುತ್ತದೆ. ಹೊಲದಲ್ಲಿ ಪಕ್ಕದಲ್ಲೇ ಇರುವವರ ಜೊತೆ ನಾವು ಪಟಪಟ ಮಾತಾಡುತ್ತೇವೆ. ಕೆರೆ ಏರಿಯ ಆ ತುದಿಯಲ್ಲಿರುವವರಿಗಾದರೆ ಒಂದೊಂದೇ ಪದವನ್ನು ಎಳೆದು ಕೂಗಬೇಕು. ಗೋಪುರವೂ ಹಾಗೆಯೇ. ಹತ್ತಿರದ ಫೋನಿಗೆ ಅಲೆಯ ಒಂದೊಂದು ಬಡಿತದಲ್ಲಿ 6 ಬಿಟ್ ಮಾಹಿತಿ ತುಂಬಿ ಕಳಿಸಬಲ್ಲದು. ದೂರದ್ದಕ್ಕೆ ಅದು 2 ಬಿಟ್‌ಗೆ ಇಳಿಯುತ್ತದೆ. ಅಷ್ಟು ಸಾಲದು ಎಂಬಂತೆ ತಪ್ಪು ತಿದ್ದಲು ಅದೇ ಮಾಹಿತಿಯನ್ನು ಮತ್ತೆ ಕಳಿಸಬೇಕಾಗುತ್ತದೆ. ಉತ್ತರ ಕೊಡುವುದು ಇನ್ನೂ ಕಷ್ಟ. ಗೋಪುರ ಹತ್ತಾರು ವ್ಯಾಟ್ ಶಕ್ತಿಯಲ್ಲಿ ಮಾತಾಡಿದರೆ ನಿಮ್ಮ 4ಜಿ ಫೋನಿನ ಗರಿಷ್ಠ ಶಕ್ತಿ ಸಾಮಾನ್ಯವಾಗಿ 0.2 ವ್ಯಾಟ್. ಕಡ್ಡಿ ಕಾಣಿಸಿದರೂ ಫೋಟೊ ಹೋಗದೆ ಸುತ್ತುತ್ತಲೇ ಇರುವುದು ಇದರಿಂದಲೂ ಆಗಬಹುದು.

ಮೂರನೆಯದನ್ನು ಜಾಹೀರಾತುಗಳು ಹೇಳುವುದೇ ಇಲ್ಲ. 70 ಎಂಬಿಪಿಎಸ್ ಎಂಬುದು ಒಬ್ಬರಿಗಲ್ಲ, ಗೋಪುರದ ಒಂದು ದಿಕ್ಕಿನಲ್ಲಿರುವ ಎಲ್ಲರಿಗೂ ಸೇರಿ. ಓವರ್‌ಹೆಡ್ ಟ್ಯಾಂಕಿನ ನೀರಿನ ಹಾಗೆ. ಒಂದೇ ಸಮಯಕ್ಕೆ ನೂರು ಜನ ನಲ್ಲಿ ತಿರುಗಿಸಿದರೆ ತಲಾ 0.7 ಎಂಬಿಪಿಎಸ್. ಹಾಗಾಗಿ ವ್ಯಾಪ್ತಿ ದೊಡ್ಡದಾದಷ್ಟೂ ಗೋಪುರ ಒಳ್ಳೆಯದು ಎಂಬ ಯೋಚನೆಯೇ ತಲೆಕೆಳಗು. ಜನ ಹೆಚ್ಚಿರುವ ಕಡೆ ಕಂಪನಿಗಳು ಬೇಕೆಂದೇ ವ್ಯಾಪ್ತಿ ಕಿರಿದು ಮಾಡಿ ಟವರ್ ಸಂಖ್ಯೆ ಹೆಚ್ಚಿಸುತ್ತವೆ.

ಹಾಗಾದರೆ 50 ಕಿ.ಮೀ. ನಿಜವಾಗುವುದು ಎಲ್ಲಿ? ಎರಡು ಎತ್ತರದ ಜಾಗಗಳಲ್ಲಿ ಒಂದಕ್ಕೊಂದು ಮುಖ ಮಾಡಿ ಡಿಷ್ ಕೂರಿಸಿ, ನಡುವೆ ಏನೂ ಅಡ್ಡ ಇಲ್ಲದಿದ್ದರೆ. ಮೊಬೈಲ್ ಟವರುಗಳ ಮೇಲೆ ಡೋಲಿನ ಹಾಗೆ ದುಂಡಗೆ ಕಾಣುವುದು ಇಂಥದ್ದೇ ಡಿಷ್. ಅದು ಟವರಿನಿಂದ ಟವರಿಗೆ ದತ್ತಾಂಶ ಸಾಗಿಸುತ್ತದೆ, ನಿಮ್ಮ ಫೋನಿಗಲ್ಲ.

ವೈಮ್ಯಾಕ್ಸ್ ನಮ್ಮ ಪಕ್ಕದಲ್ಲೇ ಬಂದು ಹೋಯಿತು. 2008ರಲ್ಲಿ ಟಾಟಾ ಕಮ್ಯುನಿಕೇಷನ್ಸ್ ಬೆಂಗಳೂರಿನಲ್ಲಿ ಅದರ ಸೇವೆ ಆರಂಭಿಸಿತ್ತು. 2010ರಲ್ಲಿ ಕೇಂದ್ರ ಸರ್ಕಾರ 2.3 ಗಿಗಾಹರ್ಟ್ಸ್ ತರಂಗಾಂತರ ಹರಾಜು ಹಾಕಿದಾಗ ಇನ್ಫೋಟೆಲ್ ಎಂಬ ಸಣ್ಣ ಕಂಪನಿ 12,848 ಕೋಟಿ ರೂಪಾಯಿಗೆ ಇಡೀ ದೇಶದ ಪರವಾನಗಿ ಗೆದ್ದಿತು. ಅದನ್ನು ಕೊಂಡ ರಿಲಯನ್ಸ್ ಮುಂದೆ ಅದಕ್ಕೆ ಜಿಯೊ ಎಂದು ಹೆಸರಿಟ್ಟಿತು. ಅಷ್ಟರಲ್ಲಿ ಜಗತ್ತಿನ ಫೋನ್ ತಯಾರಕರು ಎಲ್‌ಟಿಇ, ಅಂದರೆ ನಾವೀಗ 4ಜಿ ಎನ್ನುವ ದಾರಿ ಹಿಡಿದಿದ್ದರು. ಫೋನೇ ಇಲ್ಲದ ಮೇಲೆ ನೆಟ್‌ವರ್ಕ್ ಯಾರಿಗೆ? 2012ರಲ್ಲಿ ಏರ್‌ಟೆಲ್ ಬೆಂಗಳೂರಿನಲ್ಲಿ 4ಜಿ ತಂದದ್ದೂ, 2016ರಲ್ಲಿ ಜಿಯೊ ಬಂದದ್ದೂ ಎಲ್‌ಟಿಇಯಲ್ಲೇ. 2023ರಲ್ಲಿ ಆರಂಭವಾದ ಏರ್‌ಫೈಬರ್ ಸೇವೆಗಳು ವೈಮ್ಯಾಕ್ಸಿನ ಹಳೆಯ ಆಸೆಯನ್ನು 5ಜಿ ಮೂಲಕ ಈಡೇರಿಸುತ್ತಿವೆ. ಹೆಸರಲ್ಲಿ ಏರ್ ಇದ್ದರೂ ಅವು ಚೆನ್ನಾಗಿ ನಡೆಯುವುದು ಟವರ್ ಹತ್ತಿರವಿರುವ ಕಡೆ.

ಈಗ ಆ ಕೊನೆಯ ಸಾಲಿಗೆ ಬರೋಣ: ನಿಮ್ಮ ಜಾಗದಲ್ಲಿ ಟವರ್. ಕಂಪನಿಗಳು ಎಲ್ಲಿ ಸಿಗ್ನಲ್ ಕೊರತೆ ಇದೆ, ಎಲ್ಲಿ ಎತ್ತರವಿದೆ ಎಂದು ನೋಡಿಕೊಂಡು ಜಾಗ ಹುಡುಕುತ್ತವೆ. ಬಂಡೆ, ಕಣಿವೆಗಳ ಈ ಸೀಮೆಯಲ್ಲಂತೂ ನೂರು ಮೀಟರ್ ಆಚೀಚೆಯಾದರೂ ವ್ಯತ್ಯಾಸವಾಗುತ್ತದೆ. ಯಾರ ಸೈಟಾದರೂ ಸರಿ, ಯಾವ ಹೊಲವಾದರೂ ಸರಿ, ಲಕ್ಷಗಟ್ಟಲೆ ಅಡ್ವಾನ್ಸ್ ಕೊಡುತ್ತೇವೆ, ಮೊದಲು ನೋಂದಣಿ ಶುಲ್ಕ ಕಟ್ಟಿ ಎನ್ನುವವರಿಗೆ ಬೇಕಿರುವುದು ಆ ಶುಲ್ಕ ಮಾತ್ರ. ಟವರಿಗೆ ಜಾಗ ಕೊಟ್ಟರೆ ಕಂಪನಿ ನಿಮಗೆ ಬಾಡಿಗೆ ಕೊಡುತ್ತದೆ, ನಿಮ್ಮಿಂದ ದುಡ್ಡು ಕೇಳುವುದಿಲ್ಲ. ಅಂಥವರು ತೋರಿಸುವ "ಟ್ರಾಯ್ ಎನ್‌ಒಸಿ" ಎಂಬ ಕಾಗದವಂತೂ ಹುಟ್ಟಲು ಸಾಧ್ಯವೇ ಇಲ್ಲ. ಟವರ್ ಹಾಕಲು ತಾನು ಎನ್‌ಒಸಿ ಕೊಡುವುದಿಲ್ಲ, ಶುಲ್ಕ ವಸೂಲಿಯೂ ಮಾಡುವುದಿಲ್ಲ ಎಂದು ಟ್ರಾಯ್ ಸಾರ್ವಜನಿಕವಾಗಿ ಎಚ್ಚರಿಸಿದೆ.

ಪಿಎಂ-ವಾಣಿ ಹೆಸರಿನಲ್ಲೂ ಇದೇ ಆಟ ನಡೆದಿದೆ. 2020ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಈ ಯೋಜನೆ ನಿಜ. ಅಂಗಡಿಯವರು ಸಾರ್ವಜನಿಕ ವೈ-ಫೈ ಹಂಚಬಹುದು, ಅಷ್ಟೇ. ವೈ-ಫೈ ಮುಟ್ಟುವುದು ಕೆಲವು ಹತ್ತು ಮೀಟರ್, ತೆರೆದ ಜಾಗದಲ್ಲಿ ಇನ್ನೊಂದಿಷ್ಟು. ಅದಕ್ಕೆ ಟವರೂ ಬೇಡ, ತಿಂಗಳ ಬಾಡಿಗೆಯೂ ಬರುವುದಿಲ್ಲ. ಶುಲ್ಕ ಕಟ್ಟಿದರೆ ಬಾಡಿಗೆ, ನೌಕರಿ ಎರಡೂ ಸಿಗುತ್ತದೆ ಎಂಬ ಪತ್ರ ನಕಲಿ ಎಂದು ಪಿಐಬಿ ಫ್ಯಾಕ್ಟ್ ಚೆಕ್ ಹೇಳಿದೆ.

ಇಂಥ ಕರೆ ಅಥವಾ ಮೆಸೇಜ್ ಬಂದಿದ್ದು, ದುಡ್ಡು ಇನ್ನೂ ಹೋಗಿಲ್ಲವಾದರೆ ಸಂಚಾರ್ ಸಾಥಿ ಜಾಲತಾಣದ 'ಚಕ್ಷು' ವಿಭಾಗದಲ್ಲಿ ದೂರು ದಾಖಲಿಸಿ. ದುಡ್ಡು ಹೋಗಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಆ ಹಣವನ್ನು ಬ್ಯಾಂಕಿನಲ್ಲೇ ತಡೆಹಿಡಿಯುವ ಅವಕಾಶ ಹೆಚ್ಚು.