ಹುಳುಕಡ್ಡಿ: ರೋಗ ಹಳೆಯದು, ಹಠ ಹೊಸದು

ಹುಳುಕಡ್ಡಿಯನ್ನು ಯಾರೂ ದೊಡ್ಡ ಕಾಯಿಲೆ ಎಂದು ಪರಿಗಣಿಸುವುದಿಲ್ಲ. ತೊಡೆಸಂದಿಯಲ್ಲೋ ಸೊಂಟದ ಸುತ್ತಲೋ ಉಂಗುರದಾಕಾರದ ಕೆಂಪು ಗುರುತು, ಬಿಡದ ತುರಿಕೆ, ಔಷಧ ಅಂಗಡಿಯಿಂದ ಒಂದು ಮುಲಾಮು, ಕೆಲವು ವಾರಗಳಲ್ಲಿ ಗುಣ. ದಶಕಗಳಿಂದ ನಡೆದುಬಂದ ಈ ಲೆಕ್ಕಾಚಾರ ಈಗ ತಲೆಕೆಳಗಾಗಿದೆ. ತಿಂಗಳುಗಟ್ಟಲೆ ಮಾತ್ರೆ ನುಂಗಿದರೂ ಮಾಸದ, ಮಾಸಿದರೂ ಮರುಕಳಿಸುವ, ಮನೆಮಂದಿಗೆಲ್ಲ ಹರಡುವ ಹುಳುಕಡ್ಡಿಯನ್ನು ದೇಶದ ಚರ್ಮರೋಗ ತಜ್ಞರು ಕಳೆದ ಒಂದು ದಶಕದಿಂದ ಕಾಣುತ್ತಿದ್ದಾರೆ. ಇದಕ್ಕೆ ಹವಾಮಾನವೊಂದನ್ನೇ ದೂರಿ ಪ್ರಯೋಜನವಿಲ್ಲ. ನಮ್ಮ ಔಷಧ ಮಾರಾಟ ವ್ಯವಸ್ಥೆಯ ಪಾಲೂ ಇದರಲ್ಲಿ ದೊಡ್ಡದಿದೆ.

ಹೆಸರಿನಲ್ಲಿ ಹುಳುವಿದ್ದರೂ ಈ ರೋಗಕ್ಕೆ ಕಾರಣ ಶಿಲೀಂಧ್ರ. ಚರ್ಮ, ಕೂದಲು ಮತ್ತು ಉಗುರಿನಲ್ಲಿರುವ ಕೆರಾಟಿನ್ ಎಂಬ ಪ್ರೋಟೀನೇ ಇದರ ಆಹಾರ. ಭಾರತದಲ್ಲಿ ವ್ಯಾಪಕವಾಗಿರುವ ಹಠಮಾರಿ ಬಗೆಗೆ 2020ರಲ್ಲಿ ಜಪಾನಿನ ಸಂಶೋಧಕರು 'ಟ್ರೈಕೋಫೈಟಾನ್ ಇಂಡೋಟಿನಿಯೆ' ಎಂದು ನಾಮಕರಣ ಮಾಡಿದರು. ಹೆಸರಿನಲ್ಲೇ ನಮ್ಮ ದೇಶದ ಗುರುತಿದೆ! 2023ರ ಮೇ ತಿಂಗಳಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರವು ನ್ಯೂಯಾರ್ಕ್ ನಗರದ ಇಬ್ಬರಲ್ಲಿ ಇದೇ ಶಿಲೀಂಧ್ರ ಪತ್ತೆಯಾದುದನ್ನು ವರದಿ ಮಾಡಿತು. ಅವರಲ್ಲೊಬ್ಬರು ವಿದೇಶ ಪ್ರವಾಸವನ್ನೇ ಮಾಡಿರಲಿಲ್ಲ.

ಈ ಶಿಲೀಂಧ್ರದ ಬಲ ಎಲ್ಲಿದೆ? ಹುಳುಕಡ್ಡಿಗೆ ವೈದ್ಯರು ಮೊದಲು ಬರೆಯುವ ಔಷಧ ಟರ್ಬಿನಾಫಿನ್. ಅದು ಶಿಲೀಂಧ್ರದ ಜೀವಕೋಶದ ಪೊರೆ ಕಟ್ಟಲು ಬೇಕಾದ ಒಂದು ಕಿಣ್ವವನ್ನು ತಡೆಯುತ್ತದೆ. ಆ ಕಿಣ್ವದ ವಂಶವಾಹಿಯಲ್ಲಿ ಬದಲಾವಣೆಯಾದರೆ ಔಷಧಕ್ಕೆ ಹಿಡಿತವೇ ಸಿಗುವುದಿಲ್ಲ. ಆಗ ಇಟ್ರಾಕೊನಜೋಲ್‌ನಂಥ ಮಾತ್ರೆಗಳನ್ನು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಸೇವಿಸಬೇಕಾಗುತ್ತದೆ. ಹೃದಯ ದೌರ್ಬಲ್ಯ ಅಥವಾ ಯಕೃತ್ತಿನ ತೊಂದರೆ ಇರುವವರಿಗೆ ಅದು ಅಪಾಯಕಾರಿ. ಚಿಕಿತ್ಸೆಯ ಖರ್ಚೂ ಏರುತ್ತದೆ.

ಮುಲಾಮಿನ ಮೋಸ

ರೋಗ ಉಲ್ಬಣಿಸಲು ಮುಖ್ಯ ಕಾರಣಗಳಲ್ಲೊಂದು ಮಿಶ್ರಣ ಮುಲಾಮು ಎಂಬುದು ತಜ್ಞರ ಅಭಿಪ್ರಾಯ. ಒಂದೇ ಟ್ಯೂಬಿನಲ್ಲಿ ಶಿಲೀಂಧ್ರನಾಶಕ, ಬ್ಯಾಕ್ಟೀರಿಯಾ ನಾಶಕ ಹಾಗೂ ಕ್ಲೊಬೆಟಸಾಲ್‌ನಂಥ ಪ್ರಬಲ ಸ್ಟೆರಾಯ್ಡ್ ಬೆರೆತಿರುತ್ತವೆ. ಸ್ಟೆರಾಯ್ಡ್ ಎರಡು ದಿನಗಳಲ್ಲಿ ತುರಿಕೆ ಹಾಗೂ ಕೆಂಪನ್ನು ಇಳಿಸುತ್ತದೆ. ಗುಣವಾಯಿತೆಂದು ರೋಗಿ ಮುಲಾಮು ನಿಲ್ಲಿಸುತ್ತಾನೆ. ಆದರೆ ಅದೇ ಸ್ಟೆರಾಯ್ಡ್ ಚರ್ಮದ ರೋಗನಿರೋಧಕ ಶಕ್ತಿಯನ್ನೂ ಕುಗ್ಗಿಸಿರುತ್ತದೆ. ಸಾಯದೆ ಉಳಿದ ಶಿಲೀಂಧ್ರ ಮೊದಲಿಗಿಂತ ವಿಶಾಲವಾಗಿ ಹಬ್ಬುತ್ತದೆ. ಉಂಗುರದ ಆಕಾರವೂ ಕೆಡುವುದರಿಂದ ರೋಗ ಗುರುತಿಸುವುದು ವೈದ್ಯರಿಗೂ ಕಷ್ಟವಾಗುತ್ತದೆ. ದೀರ್ಘಕಾಲ ಬಳಸಿದರೆ ಚರ್ಮ ತೆಳುವಾಗಿ, ತೊಡೆಸಂದಿಯಲ್ಲಿ ಎಂದಿಗೂ ಮಾಸದ ಗೆರೆಗಳು ಮೂಡುತ್ತವೆ.

ಸರ್ಕಾರ ಕೈಕಟ್ಟಿ ಕುಳಿತಿರಲಿಲ್ಲ. 2016ರ ಮಾರ್ಚ್‌ನಲ್ಲಿ ಕೇಂದ್ರವು 344 ಮಿಶ್ರಣ ಔಷಧಗಳನ್ನು ನಿಷೇಧಿಸಿತು. ಕಂಪನಿಗಳು ನ್ಯಾಯಾಲಯದ ಮೆಟ್ಟಿಲೇರಿದವು. ಸುಪ್ರೀಂ ಕೋರ್ಟ್ ನಿರ್ದೇಶನದಂತೆ ಮರುಪರಿಶೀಲನೆ ನಡೆದು, 2018ರ ಸೆಪ್ಟೆಂಬರ್‌ನಲ್ಲಿ 328 ಮಿಶ್ರಣಗಳ ನಿಷೇಧ ಜಾರಿಗೆ ಬಂತು. ಇವುಗಳಲ್ಲಿ ಸ್ಟೆರಾಯ್ಡ್ ಬೆರೆತ ಚರ್ಮದ ಮುಲಾಮುಗಳೂ ಇದ್ದವು. ಅದೇ ವರ್ಷ 14 ಸ್ಟೆರಾಯ್ಡ್‌ಗಳ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ ಎಂದು ನಿಯಮ ತಿದ್ದಲಾಯಿತು.

ಕಾನೂನಿದೆ, ಆದರೆ ಕೌಂಟರಿನ ಮುಂದೆ ಅದು ಕಾಣುವುದಿಲ್ಲ. ಚೀಟಿ ಕೇಳದೆ 'ತುರಿಕೆಗೆ ಒಂದು ಟ್ಯೂಬು' ಕೊಡುವ ಪದ್ಧತಿ ನಿಂತಿಲ್ಲ. ಔಷಧ ಅಂಗಡಿಗಳ ಪರವಾನಗಿ ಮತ್ತು ತಪಾಸಣೆ ರಾಜ್ಯಗಳ ಹೊಣೆ. ನಿಯಮ ಮಾಡಿದ್ದು ದೆಹಲಿಯಾದರೂ ಪಾಲನೆಗೆ ಉತ್ತರ ಹೇಳಬೇಕಾದವರು ನಮ್ಮ ಔಷಧ ನಿರೀಕ್ಷಕರು.

ತಲೆಯ ರೋಗಕ್ಕೆ ಮುಲಾಮು ಸಾಲದು

ಮಕ್ಕಳ ನೆತ್ತಿಗೆ ತಗಲುವ ಶಿಲೀಂಧ್ರದ ವಿಷಯ ಇನ್ನೂ ನಾಜೂಕಾದದ್ದು. ಹೊಟ್ಟು ಉದುರುವುದು, ಕೂದಲು ತುಂಡಾಗಿ ಅಲ್ಲಲ್ಲಿ ಬೋಳಾಗುವುದು ಇದರ ಲಕ್ಷಣ. ಕೆಲವೊಮ್ಮೆ ಕೀವು ತುಂಬಿದ ಮೆತ್ತನೆಯ ಬಾವು ಏಳುತ್ತದೆ. ಅದನ್ನು ಸಾಮಾನ್ಯ ಕುರುವೆಂದು ಭಾವಿಸಿ ಕೊಯ್ಯುವುದೂ ಉಂಟು. ಶಿಲೀಂಧ್ರ ಕೂದಲಿನ ಬುಡದೊಳಗೆ ನೆಲೆಸುವುದರಿಂದ ಮುಲಾಮು ಅಲ್ಲಿಗೆ ತಲುಪದು. ಗ್ರಿಸಿಯೋಫಲ್ವಿನ್ ಅಥವಾ ಟರ್ಬಿನಾಫಿನ್ ಮಾತ್ರೆಯನ್ನು ಮಗುವಿನ ತೂಕಕ್ಕೆ ತಕ್ಕಂತೆ ವಾರಗಟ್ಟಲೆ ಕೊಡಬೇಕು. ಔಷಧಯುಕ್ತ ಶಾಂಪೂ ಹರಡುವಿಕೆಯನ್ನಷ್ಟೇ ತಗ್ಗಿಸುತ್ತದೆ. ತಡವಾದರೆ ಆ ಜಾಗದಲ್ಲಿ ಕೂದಲು ಮತ್ತೆ ಬಾರದಿರಬಹುದು.

ಇಷ್ಟೆಲ್ಲ ಗೊಂದಲಕ್ಕೆ ಸುಲಭ ಪರಿಹಾರವೊಂದು ಕೈಗೆಟುಕುವ ದೂರದಲ್ಲಿದೆ. ಮಚ್ಚೆಯ ಅಂಚಿನಿಂದ ಕೆರೆದ ಹೊಟ್ಟನ್ನೋ ತುಂಡಾದ ಕೂದಲನ್ನೋ ಗಾಜಿನ ಪಟ್ಟಿಯ ಮೇಲಿಟ್ಟು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಶಿಲೀಂಧ್ರದ ಎಳೆಗಳು ಕಾಣುತ್ತವೆ. ಖರ್ಚು ಅತ್ಯಲ್ಪ, ಫಲಿತಾಂಶ ಅಂದೇ. ಕ್ಷಯರೋಗದ ಕಫ ಪರೀಕ್ಷೆಗೆಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಸೂಕ್ಷ್ಮದರ್ಶಕಗಳು ಈಗಾಗಲೇ ಇವೆ. ಔಷಧಕ್ಕೆ ಬಗ್ಗದ ಬಗೆಯನ್ನು ಈ ಪರೀಕ್ಷೆ ಬೇರ್ಪಡಿಸಲಾರದು, ನಿಜ. ಅದಕ್ಕೆ ದೊಡ್ಡ ಪ್ರಯೋಗಾಲಯಗಳೇ ಬೇಕು. ಆದರೆ ಇದು ಹುಳುಕಡ್ಡಿಯೋ, ಇಸುಬೋ, ಸೋರಿಯಾಸಿಸ್ಸೋ ಎಂಬ ಮೊದಲ ಅನುಮಾನವನ್ನು ಬಹುಪಾಲು ನೀಗಿಸುತ್ತದೆ. ಕುಷ್ಠರೋಗದ ಆರಂಭದ ಮಚ್ಚೆಯನ್ನು ಹುಳುಕಡ್ಡಿಯೆಂದು ತಿಳಿದು ಮುಲಾಮು ಹಚ್ಚುತ್ತ ಕಾಲ ಕಳೆದವರೂ ಇದ್ದಾರೆ. ಸ್ಪರ್ಶಜ್ಞಾನವಿಲ್ಲದ ಮಚ್ಚೆ ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಜನರ ಪಾಲಿನ ಹೊಣೆಯೂ ಇದೆ. ಟವೆಲು, ಬಾಚಣಿಗೆ, ಒಳಉಡುಪು ಹಂಚಿಕೊಳ್ಳಬಾರದು. ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿನಲ್ಲಿ ಒಣಗಿಸಬೇಕು. ಮನೆಯಲ್ಲಿ ತುರಿಕೆಯಿರುವ ಎಲ್ಲರಿಗೂ ಏಕಕಾಲದಲ್ಲಿ ಚಿಕಿತ್ಸೆಯಾಗಬೇಕು. ಗುರುತು ಮಾಸಿದರೂ ವೈದ್ಯರು ಹೇಳಿದ ಅವಧಿಯವರೆಗೆ ಔಷಧ ಬಿಡಬಾರದು.

2025ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆಯು ಚರ್ಮರೋಗಗಳನ್ನು ಜಾಗತಿಕ ಸಾರ್ವಜನಿಕ ಆರೋಗ್ಯದ ಆದ್ಯತೆಯೆಂದು ನಿರ್ಣಯ ಅಂಗೀಕರಿಸಿತು. ಆ ನಿರ್ಣಯಕ್ಕೆ ನಮ್ಮಲ್ಲಿ ಅರ್ಥ ಬರಬೇಕಾದರೆ ಎರಡು ಕೆಲಸ ಸಾಕು: ತಾಲ್ಲೂಕು ಆಸ್ಪತ್ರೆಯಲ್ಲಿ ಹೊಟ್ಟು ಕೆರೆದು ನೋಡುವ ಪರೀಕ್ಷೆ, ಅಂಗಡಿಯಲ್ಲಿ ಚೀಟಿ ಕೇಳುವ ಶಿಸ್ತು. ಎರಡಕ್ಕೂ ಹೊಸ ಕಾನೂನು ಬೇಕಿಲ್ಲ. ಬಡವನ ಕೈಗೆಟುಕುವ ಔಷಧಗಳು ಒಂದೊಂದಾಗಿ ಕೆಲಸ ನಿಲ್ಲಿಸುವ ಮೊದಲು ಇವು ಆಗಬೇಕು, ಅಷ್ಟೆ.