ನಗುತ್ತ ಹೆದರಬಾರದೆ?

ಜೇಮ್ಸ್ ವೇಲನ 'ದಿ ಓಲ್ಡ್ ಡಾರ್ಕ್ ಹೌಸ್' ಚಿತ್ರದ ಮಾತೆತ್ತಿದರೆ ಸಾಕು, ಅದು ಎರಡು ದೋಣಿಯ ಮೇಲೆ ಕಾಲಿಟ್ಟ ಚಿತ್ರವೆಂದು ತಲೆಯಾಡಿಸುವವರು ಇಂದಿಗೂ ಇದ್ದಾರೆ. ಹಾಸ್ಯವೆನ್ನೋಣವೆಂದರೆ ನಡುನಡುವೆ ಮೈ ಜುಮ್ಮೆನ್ನುತ್ತದೆ. ಭಯಾನಕವೆನ್ನೋಣವೆಂದರೆ ನಗು ಉಕ್ಕಿಬರುತ್ತದೆ. ಆದುದರಿಂದ ಎರಡೂ ಕೆಟ್ಟಿತು. ಇದು ಅವರ ತರ್ಕ. 1932ರಲ್ಲಿ ಚಿತ್ರ ತೆರೆಗೆ ಬಂದಾಗಲೂ ಮಾತು ಎರಡು ಬಗೆಯಾಗಿಯೇ ಇತ್ತು. 'ನ್ಯೂಯಾರ್ಕ್ ಟೈಮ್ಸ್'ನಲ್ಲಿ ಮಾರ್ಡಂಟ್ ಹಾಲ್ ಮೆಚ್ಚಿ ಬರೆದ; 'ವೆರೈಟಿ' ಪತ್ರಿಕೆ ಮೂಗು ಮುರಿಯಿತು. ಇಂಗ್ಲೆಂಡಿನ ಜನ ಒಲಿದಷ್ಟು ಅಮೆರಿಕದ ಜನ ಒಲಿಯಲಿಲ್ಲ.

ಅಭಿಪ್ರಾಯಭೇದದ ಮೇಲೆ ನನಗೆ ತಕರಾರಿಲ್ಲ, ಈ ತರ್ಕದ ಮೇಲೆ ಇದೆ. ಈಚೆಗೆ ಒಂದು ಗೋಷ್ಠಿಯಲ್ಲಿ ಮಿತ್ರರೊಬ್ಬರು ಇದಕ್ಕೆ ಅಲಂಕಾರಶಾಸ್ತ್ರದ ಮೊಹರನ್ನೂ ಒತ್ತಿದರು. ಹಾಸ್ಯಕ್ಕೂ ಭಯಾನಕಕ್ಕೂ ವಿರೋಧವೆಂದು ವಿಶ್ವನಾಥನ 'ಸಾಹಿತ್ಯದರ್ಪಣ' ಹೇಳಿಲ್ಲವೆ, ಎಂದರು. ಹೇಳಿದೆ, ದಿಟ. ಆದರೆ ಅದಕ್ಕೆ ಶತಮಾನಗಳ ಹಿಂದೆಯೇ ಆನಂದವರ್ಧನನು, ಒಂದೇ ಆಶ್ರಯದಲ್ಲಿ ನಿಂತರೆ ಕಾದಾಡುವ ರಸಗಳನ್ನು ಬೇರೆ ಬೇರೆ ಆಶ್ರಯಗಳಲ್ಲಿ ನಿಲ್ಲಿಸಿದರೆ ದೋಷವಿಲ್ಲವೆಂದು 'ಧ್ವನ್ಯಾಲೋಕ'ದಲ್ಲಿ ದಾರಿ ತೋರಿಸಿದ್ದಾನೆ. ಶಾಸ್ತ್ರವನ್ನು ಕೈಗೆತ್ತಿಕೊಂಡವರು ಅರ್ಧ ಪುಟಕ್ಕೇ ಮಡಿಚಿಡಬಾರದು.

ಚಿತ್ರವನ್ನೇ ನೋಡೋಣ. ವೇಲ್ಸ್ ಸೀಮೆಯ ಬೆಟ್ಟದ ದಾರಿ, ಜಡಿಮಳೆ, ಕುಸಿದು ಬೀಳುವ ಮಣ್ಣು. ಮೋಟಾರಿನಲ್ಲಿ ಹೊರಟ ವೇವರ್ಟನ್ ದಂಪತಿಗಳೂ ಅವರ ಗೆಳೆಯ ಪೆಂಡ್ರೆಲನೂ ಫೆಮ್ ಮನೆತನದ ಹಳೆಯ ಮನೆಯ ಬಾಗಿಲು ತಟ್ಟುತ್ತಾರೆ. ಅಲ್ಲಿ ಹೊರೇಸ್ ಫೆಮ್ ಎಂಬ ಒಣಕಲು ಮನುಷ್ಯ. ತಾನಿರುವ ಮನೆಗೆ ತಾನೇ ಹೆದರುವವನು. ಮಹಡಿ ಹತ್ತಿ ದೀಪ ತರಬೇಕಾಗಿ ಬಂದಾಗ ಅವನು ಹೂಡುವ ನೆಪಗಳೇನು, ಊಟದ ಮೇಜಿನ ಮೇಲೆ ಬೆಂದ ಆಲೂಗೆಡ್ಡೆಯನ್ನು ರಾಜೋಪಚಾರವೆಂಬಂತೆ ಮುಂದಿಡುವ ಗತ್ತೇನು! ಅರ್ನೆಸ್ಟ್ ಥೆಸಿಗರ್‌ನ ಆ ಮೂಗನ್ನು ನೋಡಿಯೇ ನಗು ಬರುತ್ತದೆ. ಅದೇ ಮನೆಯ ಮತ್ತೊಂದು ಕೋಣೆಯಲ್ಲಿ ಅವನ ಸೋದರಿ ರೆಬೆಕ್ಕ, ಬಟ್ಟೆ ಬದಲಿಸುತ್ತಿರುವ ಮಾರ್ಗರೆಟ್ ವೇವರ್ಟನಳ ರೇಷ್ಮೆಯನ್ನು ಮುಟ್ಟಿ ಇದು ಕೊಳೆಯುತ್ತದೆ ಎನ್ನುತ್ತಾಳೆ. ಆಮೇಲೆ ಆಕೆಯ ಮೈಯನ್ನೇ ಮುಟ್ಟಿ ಇದೂ ಕೊಳೆಯುತ್ತದೆ ಎನ್ನುತ್ತಾಳೆ. ಇಲ್ಲಿ ಯಾರೂ ನಗುವುದಿಲ್ಲ. ಹೊರೇಸನ ಭಯ ನಮಗೆ ನಗು. ಮಾರ್ಗರೆಟಳ ಭಯ ನಮಗೂ ಭಯ. ಒಂದೇ ರಾತ್ರಿ, ಒಂದೇ ಮನೆ, ಎರಡು ಆಶ್ರಯ. ಮಿತ್ರರು ಹುಡುಕುತ್ತಿದ್ದ ದೋಷವೆಲ್ಲಿ?

ಬೀಗ ಹಾಕಿದ ಕೋಣೆಯಿಂದ ಕೊನೆಗೆ ಹೊರಬರುವ ಸೌಲನ ದೃಶ್ಯಕ್ಕಂತೂ ಆನಂದವರ್ಧನನ ಸೂತ್ರವೂ ಸಾಲದು. ಅಷ್ಟು ಹೊತ್ತು ನಮ್ಮನ್ನು ಕಾಯಿಸಿದ ರಾಕ್ಷಸ ಯಾರೆಂದರೆ ಗಿಡ್ಡನೆಯ, ಸಾಧುವಾದ ಒಬ್ಬ ಮುದುಕ! ನಮಗೆ ಮೊದಲು ನಗು, ಅವನು ತನ್ನನ್ನು ಅನ್ಯಾಯವಾಗಿ ಕೂಡಿಹಾಕಿದ್ದಾರೆಂದು ಗೋಗರೆದಾಗ ಕನಿಕರ, ಪೆಂಡ್ರೆಲ್ ಬೆನ್ನು ತಿರುಗಿಸಿದೊಡನೆ ಅವನ ತುಟಿಯ ಮೇಲೆ ಮೂಡುವ ಮುಗುಳ್ನಗೆಯನ್ನು ಕಂಡಾಗ ಎದೆಯಲ್ಲಿ ಅವಲಕ್ಕಿ ಕುಟ್ಟಿದಂತೆ. ಅವನು ಸತ್ತ ಮೇಲೆ, ಚಿತ್ರದುದ್ದಕ್ಕೂ ಮೃಗದಂತೆ ಆರ್ಭಟಿಸಿದ ಮೂಕ ಆಳು ಮಾರ್ಗನ್ ಅವನನ್ನು ಮಗುವಿನಂತೆ ಎತ್ತಿಕೊಂಡು ಅಳುತ್ತ ಮೆಟ್ಟಿಲು ಹತ್ತುತ್ತಾನೆ. ಇದನ್ನು ಕಲಸುಮೇಲೋಗರ ಎನ್ನುವವರು ಬದುಕಿನಲ್ಲಿ ಸಾವಿನ ಮನೆಗೆ ಹೋಗಿಯೇ ಇಲ್ಲವೆ?

ಜನ ಗಲಿಬಿಲಿಗೊಂಡದ್ದಕ್ಕೆ ಕಾರಣ ಬೇರೆ ಇದೆ. ಮಾರ್ಗನ್ ಆದವನು ಬೋರಿಸ್ ಕಾರ್ಲಾಫ್. ಹಿಂದಿನ ವರ್ಷ, 1931ರಲ್ಲಿ, ವೇಲನ 'ಫ್ರಾಂಕೆನ್‌ಸ್ಟೈನ್'ನಲ್ಲಿ ಭೂತವಾಗಿ ಲೋಕವನ್ನೇ ನಡುಗಿಸಿದವನು. ಇವನೇ ಅವನು ಎಂದು ಸಾರುವ ಒಂದು ಟಿಪ್ಪಣಿಯನ್ನು ಯೂನಿವರ್ಸಲ್ ಸಂಸ್ಥೆ ಚಿತ್ರದ ಆರಂಭದಲ್ಲೇ ಅಂಟಿಸಿತು. ಎರಡನೆಯ ಫ್ರಾಂಕೆನ್‌ಸ್ಟೈನಿಗೆ ಬಾಯಿಬಿಟ್ಟು ಕುಳಿತವರಿಗೆ ಬೆಂದ ಆಲೂಗೆಡ್ಡೆ ಸಿಕ್ಕಿದರೆ ಮುನಿಸು ಬಾರದಿರುತ್ತದೆಯೆ? ವಾಕ್ಚಿತ್ರದ ಆ ಎಳೆಯ ದಿನಗಳಲ್ಲಿ ಎಲ್ಲರೂ ಮಾತಿಗೆ ಮುಗಿಬಿದ್ದಿರುವಾಗ, ತನ್ನ ಅತಿ ದೊಡ್ಡ ತಾರೆಯನ್ನು ಮೂಕನನ್ನಾಗಿ ಮಾಡಿ ಗಾಳಿಮಳೆಗೆ ಮಾತು ಕೊಟ್ಟ ವೇಲನ ಧೈರ್ಯವನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. (ನೂರೆರಡು ವರ್ಷದ ಹಿರಿಯ ಫೆಮ್ ಆಗಿ ಹಾಸಿಗೆಯಲ್ಲಿ ಮಲಗಿರುವುದು ಎಲ್ಸ್‌ಪೆತ್ ಡಜನ್ ಎಂಬ ನಟಿ, ತೆರೆಯ ಮೇಲೆ ಹಾಕಿದ ಹೆಸರು ಜಾನ್ ಡಜನ್! ಆ ಕೀಟಲೆಯೂ ಚಿತ್ರದ ಧಾಟಿಗೆ ಹೊಂದಿದೆ.)

ಮೂಲ ಕಾದಂಬರಿ ಜೆ. ಬಿ. ಪ್ರೀಸ್ಟ್ಲಿಯ 'ಬಿನೈಟೆಡ್', 1927ರದು. ಪೆಂಡ್ರೆಲ್ ಮೊದಲ ಮಹಾಯುದ್ಧದಿಂದ ಮರಳಿ ಬಂದು, ಯಾವುದರಲ್ಲೂ ನಂಬಿಕೆಯಿಲ್ಲದೆ ಎಲ್ಲವನ್ನೂ ನಗೆಯಾಡುವವನು. ಪ್ರೀಸ್ಟ್ಲಿ ಆ ಯುದ್ಧದ ಕಂದಕಗಳನ್ನು ಕಂಡವನು, ವೇಲ್ ಅದರಲ್ಲಿ ಸೆರೆ ಸಿಕ್ಕವನು, ಥೆಸಿಗರ್ ಗಾಯಗೊಂಡವನು, ಸಂಭಾಷಣೆಗೆ ಕೈಹಚ್ಚಿದ ಆರ್. ಸಿ. ಷೆರಿಫ್ ಅದೇ ಯುದ್ಧದ ಮೇಲೆ 'ಜರ್ನೀಸ್ ಎಂಡ್' ನಾಟಕ ಬರೆದವನು. ಸಾವಿನ ಪಕ್ಕದಲ್ಲಿ ಕುಳಿತು ನಕ್ಕ ಜನ ಇವರು. ನಗೆಯನ್ನೂ ನಡುಕವನ್ನೂ ಬೇರೆ ಬೇರೆ ಡಬ್ಬಿಗಳಲ್ಲಿ ತುಂಬಿಡಿ ಎಂದು ಇವರಿಗೆ ಉಪದೇಶಿಸುವ ಅಧಿಕಾರ ನಮಗೆಲ್ಲಿಯದು?

ಚಿತ್ರದಲ್ಲಿ ಕುಂದಿಲ್ಲವೆಂದಲ್ಲ. ಪೆಂಡ್ರೆಲ್ ಮತ್ತು ಗ್ಲ್ಯಾಡಿಸರ ಪ್ರೇಮ ಒಂದೇ ರಾತ್ರಿಯಲ್ಲಿ ಕುದುರುವುದು ನನಗೆ ರುಚಿಸುವುದಿಲ್ಲ. ಕಾದಂಬರಿಯಲ್ಲಿ ಸಾಯುವ ಪೆಂಡ್ರೆಲನನ್ನು ಚಿತ್ರದಲ್ಲಿ ಉಳಿಸಿಕೊಂಡದ್ದು ಗಲ್ಲಾಪೆಟ್ಟಿಗೆಗೆ ಸಲ್ಲಿಸಿದ ಕಾಣಿಕೆಯೆಂದೇ ತೋರುತ್ತದೆ. ಹೀಗೆ ಇಲ್ಲಿ ಕೆಟ್ಟಿದೆ ಎಂದು ಬೆರಳಿಟ್ಟು ತೋರಿಸಿದರೆ ಅದು ವಿಮರ್ಶೆ.

ಮುಂದೆ ಕಾದಂಬರಿಯ ಹಕ್ಕು ಯೂನಿವರ್ಸಲಿನ ಕೈತಪ್ಪಿತು. 1963ರಲ್ಲಿ ವಿಲಿಯಂ ಕ್ಯಾಸಲ್ ಅದೇ ಹೆಸರಿನಲ್ಲಿ ಬೇರೊಂದು ಚಿತ್ರ ತೆಗೆದ. ವೇಲನ ಚಿತ್ರ ಕಣ್ಮರೆಯಾಗಿತ್ತು. ಇದಕ್ಕೆ ವಿಮರ್ಶಕರೇ ಹೊಣೆ ಎಂದರೆ ಅನ್ಯಾಯವಾದೀತು. ಆದರೆ 'ಅದೂ ಅಲ್ಲ, ಇದೂ ಅಲ್ಲ' ಎಂದು ಹೆಸರು ಪಡೆದುದನ್ನು ಉಗ್ರಾಣದಲ್ಲಿ ಯಾರು ಹುಡುಕಲು ಹೋಗುತ್ತಾರೆ? ಹೋದವನು ಒಬ್ಬನೇ, ವೇಲನ ಸ್ನೇಹಿತನೂ ನಿರ್ದೇಶಕನೂ ಆದ ಕರ್ಟಿಸ್ ಹ್ಯಾರಿಂಗ್ಟನ್. ಅವನ ಒತ್ತಾಯದಿಂದ 1968ರಲ್ಲಿ ನೆಗೆಟಿವ್ ಸಿಕ್ಕಿತು. ಮೊದಲ ರೀಲು ಆಗಲೇ ಕೆಟ್ಟಿತ್ತು. ವೇಲ್ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಜಾರ್ಜ್ ಈಸ್ಟ್‌ಮನ್ ಹೌಸ್ ಮುಂದೆ ಬಂದು ಚಿತ್ರವನ್ನು ಉಳಿಸಿತು. 2017ರಲ್ಲಿ ಅದು ಹೊಸ ಪ್ರತಿಯಾಗಿ ಮತ್ತೆ ತೆರೆ ಕಂಡಿತು.

ಗೋಷ್ಠಿ ಮುಗಿದು ಕಾಫಿ ಕುಡಿಯುವಾಗ ಮಿತ್ರರನ್ನು ಕೇಳಿದೆ, ಚಿತ್ರ ಎಲ್ಲಿ ನೋಡಿದಿರಿ ಎಂದು. ನೋಡಿಲ್ಲ, ಅದರ ಬಗ್ಗೆ ಓದಿದ್ದೇನೆ ಎಂದರು.