ವಿರುದ್ಧ ಭಾವಗಳೂ ಮನಸ್ಸಿನ ಸ್ವಾಸ್ಥ್ಯವೂ

ಹಾಸಿಗೆ ಹಿಡಿದ ತಾಯಿಯನ್ನು ವರ್ಷಗಳಿಂದ ಉಪಚರಿಸುತ್ತಿರುವ ಮಗಳೊಬ್ಬಳು ನಿದ್ರಾನಾಶಕ್ಕೆ ಔಷಧ ಕೇಳಲು ಬಂದಿದ್ದಳು. ಹೊರಡುವಾಗ ತಲೆತಗ್ಗಿಸಿ ನುಡಿದಳು: “ಅವ್ವ ಇರಬೇಕು ಅನಸ್ತದ್ರಿ. ಇದೆಲ್ಲಾ ಮುಗದ್ರ ಸಾಕು ಅಂತನೂ ಅನಸ್ತದ್ರಿ. ನಾ ಪಾಪಿ ಏನ್ರೀ?” ಆಕೆಯ ನಿದ್ರೆ ಕೆಡಿಸಿದ್ದು ಈ ಪ್ರಶ್ನೆಯೇ.

ಎರಡು ವಿರುದ್ಧ ಭಾವಗಳು ಜೊತೆಯಾಗಿ ನಿಂತಾಗ ಮನಸ್ಸು ಒಂದನ್ನು ಬೇಗನೆ ಅಳಿಸಲು ಹವಣಿಸುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ ಅವರು 1957ರ ತಮ್ಮ ಗ್ರಂಥದಲ್ಲಿ ಈ ತಳಮಳವನ್ನು ವಿವರಿಸಿದರು. 1959ರಲ್ಲಿ ಪ್ರಕಟವಾದ ಅವರ ಪ್ರಯೋಗವೊಂದರಲ್ಲಿ, ಬೇಸರದ ಕೆಲಸ ಮಾಡಿದವರಿಂದ ‘ಅದು ಸೊಗಸಾಗಿತ್ತು’ ಎಂದು ಹೇಳಿಸಲಾಯಿತು. 20 ಡಾಲರ್ ಪಡೆದವರಿಗಿಂತ ಒಂದೇ ಡಾಲರ್ ಪಡೆದವರು ಆ ಮಾತನ್ನು ಹೆಚ್ಚಾಗಿ ನಂಬತೊಡಗಿದರು. ಸುಳ್ಳಿಗೆ ತಕ್ಕ ಕಾರಣ ದೊರೆಯದಾಗ ಮನಸ್ಸು ತನ್ನ ಅನುಭವವನ್ನೇ ತಿದ್ದಿಕೊಂಡಿತು.

ಜಪಾನಿನ ರಿಂಜಾಯ್ ಝೆನ್ ಸಾಧನೆಯ ದಾರಿ ಬೇರೆ. ಅಲ್ಲಿ ಗುರುವು ಶಿಷ್ಯನಿಗೆ ತರ್ಕಕ್ಕೆ ನಿಲುಕದ ಒಂದು ಒಗಟನ್ನು ಕೊಡುತ್ತಾನೆ. ಅದಕ್ಕೆ ‘ಕೋಆನ್’ ಎಂದು ಹೆಸರು. ಒಂದೇ ಕೈಯಿಂದ ಚಪ್ಪಾಳೆಯಾಗದೆಂದು ಹೇಳಿ ನಾವು ಮಾತು ಮುಗಿಸುತ್ತೇವೆ. ಗುರು ಹಾಕುಯಿನ್ (1686–1769) ಆ ಒಂದು ಕೈಯ ಸದ್ದನ್ನೇ ಆಲಿಸಲು ಹೇಳಿದರು. ಶಿಷ್ಯನು ಅವಸರದ ಉತ್ತರಗಳನ್ನು ಬಿಟ್ಟುಕೊಡುತ್ತ, ಇಕ್ಕಟ್ಟಿನಿಂದ ಓಡಿಹೋಗದೆ ಅದರೊಳಗೆ ಕುಳಿತಿರಲು ಕಲಿಯುತ್ತಾನೆ.

ಆದರೆ ಹಾಕುಯಿನ್ನರ ಜೀವನದಲ್ಲಿ ವೈದ್ಯನು ಗಮನಿಸಬೇಕಾದ ಎಚ್ಚರಿಕೆಯೂ ಇದೆ. ತಾರುಣ್ಯದ ಅತಿಸಾಧನೆಯಿಂದ ಅವರು ರೋಗಪೀಡಿತರಾದರು. ಕಿವಿಯಲ್ಲಿ ಮೊರೆತ, ಕಾಲುಗಳಲ್ಲಿ ಹಿಮದಂಥ ತಣುಪು, ಮನದಲ್ಲಿ ಭಯ. ಗುಣವಾದ ಬಗೆಯನ್ನು 1757ರ ‘ಯಾಸೆನ್ ಕನ್ನ’ ಕೃತಿಯಲ್ಲಿ ಅವರೇ ಹೇಳಿದ್ದಾರೆ: ಗಮನವನ್ನು ನಾಭಿಯ ಕೆಳಗೆ ನಿಲ್ಲಿಸುವುದು, ನೆತ್ತಿಯ ಮೇಲಿಟ್ಟ ಬೆಣ್ಣೆಯ ಮುದ್ದೆ ಕರಗಿ ಅಂಗಾಂಗಗಳಲ್ಲಿ ಇಳಿಯುವಂತೆ ಭಾವಿಸುವುದು. ದ್ವಂದ್ವವನ್ನು ಹೊರಲು ಮೊದಲು ದೇಹ ಸಡಿಲವಾಗಬೇಕೆಂಬುದು ಇದರಿಂದ ನಾನು ಗ್ರಹಿಸಿದ ಪಾಠ.

ಆ ಮಗಳಿಗೆ ನಾನು ಹೇಳಿದ್ದಿಷ್ಟೇ: “ತಂಗೀ, ಎರಡೂ ಖರೇನೇ. ಪ್ರೀತಿ ಇದ್ದದ್ದಕ್ಕೇ ಇಷ್ಟು ದಣಿದೀ.” ವಾರಕ್ಕೆರಡು ರಾತ್ರಿ ಆರೈಕೆಯ ಹೊಣೆಯನ್ನು ಅಣ್ಣನಿಗೆ ಒಪ್ಪಿಸಲು, ಮಲಗುವ ಮುನ್ನ ಕೆಲಹೊತ್ತು ನಿಧಾನವಾಗಿ ಉಸಿರಾಡುತ್ತ ಕುಳ್ಳಿರಲು ಸೂಚಿಸಿದೆ.

ಕೋಆನ್ ಸಾಧನೆಯು ಗುರುವಿಲ್ಲದೆ ಪುಸ್ತಕ ನೋಡಿ ಕೈಗೊಳ್ಳುವಂಥದ್ದಲ್ಲ. ನಿದ್ರಾಹೀನತೆ, ಖಿನ್ನತೆ ವಾರಗಟ್ಟಲೆ ಉಳಿದರೆ ಮನೋವೈದ್ಯರನ್ನು ಕಾಣಲು ಸಂಕೋಚ ಬೇಡ. ಆದರೆ ಮನದಲ್ಲಿ ಎರಡು ಭಾವಗಳು ಮೂಡಿದ ಮಾತ್ರಕ್ಕೆ ಯಾರೂ ತಮ್ಮನ್ನು ಪಾಪಿಗಳೆಂದು ಹಳಿದುಕೊಳ್ಳಬಾರದು. ಎರಡಕ್ಕೂ ಎಡೆಗೊಡುವ ಮನಸ್ಸೇ ಸ್ವಸ್ಥ ಮನಸ್ಸು.